ಇಪ್ಪತ್ತಮೂರು ಹಾಳೆ, ಒಂದೇ ಉತ್ತರ

ಸಂಕ್ರಾಂತಿ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಏಳೂವರೆ. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಲಸೂರು ಕೆರೆ ಕಡೆಯ ಮಂಜು ನಮ್ಮ ಶಾಲೆಯ ಕಾಂಪೌಂಡಿನವರೆಗೂ ಬಂದು ನಿಂತಿತ್ತು. ಹತ್ತನೇ ಕ್ಲಾಸಿನವರಿಗೆ ವಿಶೇಷ ತರಗತಿ ಇದ್ದುದರಿಂದ ನಾನು ಬೇಗ ಬಂದು ಜೀವಶಾಸ್ತ್ರದ ಲ್ಯಾಬಿನ ಬೀಗ ತೆಗೆಯುತ್ತಿದ್ದೆ. ಪಕ್ಕದ ಆಫೀಸು ಕೋಣೆಯ ಕಿಟಕಿ ಅರ್ಧ ತೆರೆದಿತ್ತು. ಒಳಗೆ ಮುರಳಿ ಮೇಷ್ಟ್ರು ಒಬ್ಬರೇ ನಿಂತಿದ್ದರು. ಕಬ್ಬಿಣದ ಬೀರುವಿನ ಕಡೆ ಮುಖ, ಕಿಟಕಿಗೆ ಬೆನ್ನು. ಕೈ ಎರಡೂ ಎದೆಯ ಮಟ್ಟದಲ್ಲಿ, ಕೈಯಲ್ಲಿ ಮೊಬೈಲು. ಬೀರುವಿನ ಬಾಗಿಲು ತೆಗೆದಿತ್ತೋ ಮುಚ್ಚಿತ್ತೋ ನನಗೆ ಕಾಣಲಿಲ್ಲ. ಅವರ ಬೆನ್ನು ಅಡ್ಡವಿತ್ತು.

ಬೀರುವಿನೊಳಗೆ ಏನಿದೆ ಎಂಬುದು ಮಾತ್ರ ನನಗೆ ಗೊತ್ತಿತ್ತು. ಪ್ರಿಪರೇಟರಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಶನಿವಾರ ಸಂಜೆಯಷ್ಟೇ ಬಂದಿದ್ದವು. ಮುದ್ರೆ ಒತ್ತಿದ ಆ ಕಟ್ಟುಗಳನ್ನು ಎತ್ತಿ ಒಳಗಿಟ್ಟವಳು ನಾನೇ.

"ಏನ್ ಮೇಷ್ಟ್ರೆ, ಇಷ್ಟು ಬೇಗ?" ಎಂದೆ ಕಿಟಕಿಯಿಂದ.

ಅವರು ಬೆಚ್ಚಿ ತಿರುಗಿದರು. "ಓ, ಆದಮ್ಮನಾ? ಏನಿಲ್ಲ ರೀ, ಹಿಂಗೇ," ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದುಬಿಟ್ಟರು.

ಏನೂ ಇಲ್ಲದವರು ಯಾಕೆ ಬೆಚ್ಚಬೇಕು? ಅವತ್ತು ನನ್ನ ತಲೆಯೊಳಗೆ ಹುಳ ಹೊಕ್ಕಿತು.

ನನ್ನ ಹೆಸರು ಆದಿಲಕ್ಷ್ಮಿ. ಶಾಲೆಯಲ್ಲಿ ಎಲ್ಲರಿಗೂ ಆದಮ್ಮ, ತಮಿಳು ಮನೆಯ ಹುಡುಗಿಯರಿಗೆ ಪಾಟಿ, ಅಂದರೆ ಅಜ್ಜಿ. ಕೆ.ಆರ್. ಪುರದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಯಜಮಾನರು ಈ ಶಾಲೆಯಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಕೆಲಸ ನನಗೆ ಬಂತು. ಮೂವತ್ತಮೂರು ವರ್ಷ ಲ್ಯಾಬು ನೋಡಿಕೊಂಡೆ. ನಿವೃತ್ತಿಯಾಗಿ ಆರು ವರ್ಷವಾದರೂ, ಯಾವ ಸೀಸೆ ಎಲ್ಲಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ ಆಡಳಿತ ಮಂಡಳಿಯವರು ನನ್ನನ್ನು ಇಟ್ಟುಕೊಂಡಿದ್ದಾರೆ.

ಜೀವಶಾಸ್ತ್ರ ನಾನು ಓದಿ ಕಲಿತದ್ದಲ್ಲ, ನಿಂತು ಕಲಿತದ್ದು. ಲಕ್ಷ್ಮಿಕಾಂತ ಮೇಷ್ಟ್ರು ಎಂದು ಒಬ್ಬರಿದ್ದರು. ಅವರು ಇಪ್ಪತ್ತು ವರ್ಷ ಪಾಠ ಮಾಡಿದರು, ಇಪ್ಪತ್ತು ವರ್ಷವೂ ನಾನು ಹಿಂದೆ ನಿಂತು ದಾಸವಾಳದ ಹೂವು, ಅಯೋಡಿನ್ ಸೀಸೆ, ಗಾಜಿನ ಪಟ್ಟಿ ಕೈಗೆ ಕೊಡುತ್ತಿದ್ದೆ. ಒಂದೇ ಪಾಠವನ್ನು ಇಪ್ಪತ್ತು ಸಲ ಕೇಳಿದರೆ ಕಲ್ಲಿಗೂ ಬಾಯಿಪಾಠ ಆಗುತ್ತದೆ. ಮಕ್ಕಳು ಕೇಳುವ ಪ್ರಶ್ನೆಗಳೂ ವರ್ಷವರ್ಷ ಅವೇ. ಹೊಟ್ಟೆಯಲ್ಲಿ ಆಮ್ಲ ಇದ್ದರೂ ಹೊಟ್ಟೆ ಯಾಕೆ ಸುಡುವುದಿಲ್ಲ? ಸೌದೆ ಒಲೆಗೆ ಇಡುವ ಮುಂಚೆ ಪಾತ್ರೆಗೆ ಮಣ್ಣು ಮೆತ್ತುತ್ತೇವಲ್ಲ, ಹಾಗೆ ಒಳಗೆ ಲೋಳೆ ಮೆತ್ತಿದೆ. ಎಲೆಗೆ ಅಯೋಡಿನ್ ಹಾಕಿದರೆ ಯಾಕೆ ಕಪ್ಪುನೀಲಿ? ಎಲೆ ಅಡುಗೆ ಮಾಡಿ ಪಿಷ್ಟ ಕೂಡಿಟ್ಟಿದೆ, ಅದಕ್ಕೆ. ಮಗು ಗಂಡೋ ಹೆಣ್ಣೋ ಆಗುವುದು ಯಾರಿಂದ? ಗಂಡಸಿನ ಕಡೆಯಿಂದ. ಈ ಕೊನೆಯ ಉತ್ತರ ನನಗೆ ಮೂರು ಹೆಣ್ಣು ಹೆತ್ತಾದ ಮೇಲೆ ಗೊತ್ತಾಯಿತು. ಅತ್ತೆ ಅಷ್ಟರಲ್ಲಿ ತೀರಿಹೋಗಿದ್ದರು, ಹೇಳಲು ಆಗಲಿಲ್ಲ.

ಮೇಷ್ಟ್ರ ಮುಂದೆ ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ಹುಡುಗಿಯರು ನನ್ನ ಹತ್ತಿರ ತರುತ್ತಿದ್ದರು. ತಿಂಗಳ ಮುಟ್ಟು, ಬಸುರು, ಹೆರಿಗೆ. ಗೊತ್ತಿದ್ದಷ್ಟು ಹೇಳುತ್ತಿದ್ದೆ.

ಹೋದ ಜೂನ್‌ನಲ್ಲಿ ಮುರಳಿ ಮೇಷ್ಟ್ರು ಬಂದರು. ಅತಿಥಿ ಶಿಕ್ಷಕರು. ಮೂವತ್ತು ತುಂಬಿರಲಿಲ್ಲ. ಐದು ವರ್ಷದಲ್ಲಿ ನಾಲ್ಕು ಶಾಲೆ, ಮಧ್ಯೆ ಕಲ್ಯಾಣ ನಗರದ ಒಂದು ಟ್ಯೂಷನ್ ಸೆಂಟರು. ಬಂದ ವಾರದಲ್ಲೇ ಲ್ಯಾಬಿನ ಕಿಟಕಿಗೆ ದಾರ ಕಟ್ಟಿ ಒಂದು ಉದ್ದನೆಯ ನೋಟ್‌ಬುಕ್ ತೂಗುಹಾಕಿದರು. ಯಾರು ಬೇಕಾದರೂ ಹೆಸರು ಹಾಕದೆ ಪ್ರಶ್ನೆ ಬರೆಯಬಹುದು, ಇವರು ಕೆಳಗೆ ಉತ್ತರ ಬರೆಯುತ್ತಾರೆ. ಹುಡುಗಿಯರೆಲ್ಲ ಆ ಕಿಟಕಿಗೆ ಮುತ್ತಿಕೊಂಡರು. ನನ್ನ ಸ್ಟೂಲಿನ ಹತ್ತಿರ ಬರುವವರು ಕಡಿಮೆಯಾದರು.

ಸೆಪ್ಟೆಂಬರ್‌ನಲ್ಲಿ ಇಲಾಖೆಯ ಅಧಿಕಾರಿ ಬಂದು ಹೋದ ಮೇಲೆ ಹೆಡ್‌ಮಿಸ್ಟ್ರೆಸ್ ಶ್ರೀವಿದ್ಯಾ ಮೇಡಂ ನನ್ನನ್ನು ಕರೆದರು. "ಬೇಜಾರು ಮಾಡ್ಕೋಬೇಡಿ ಆದಮ್ಮ. ಇನ್ಮೇಲೆ ಮಕ್ಕಳಿಗೆ ನೀವು ಪಾಠದ ವಿಷಯ ಹೇಳೋದು ಬೇಡ. ಅಟೆಂಡರ್ ಪಾಠ ಮಾಡ್ತಾರೆ ಅಂತ ಯಾರೋ ಹೇಳಿದ್ದಾರೆ."

ಯಾರೋ ಎಂದರೆ ಯಾರು? ಮೂವತ್ತಮೂರು ವರ್ಷ ಯಾರೂ ಹೇಳದ್ದನ್ನು ಮೂರು ತಿಂಗಳ ಹಿಂದೆ ಬಂದವರಲ್ಲದೆ ಇನ್ಯಾರು ಹೇಳುತ್ತಾರೆ? ಬಾಯಿ ಬಿಟ್ಟು ಅನ್ನಲಿಲ್ಲ. ಅಲ್ಲಿಂದ ಮುಂದೆ ಮುರಳಿ ಮೇಷ್ಟ್ರ ಮೇಲೆ ಒಂದು ಕಣ್ಣು ಇಟ್ಟೆ.

ಅವರಿಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂಬುದು ಇಡೀ ಶಾಲೆಗೆ ಗೊತ್ತಿತ್ತು. ಮನೆಯಾಕೆಗೆ ಏಳು ತಿಂಗಳು. "ಪ್ರಿಪರೇಟರಿ ರಿಸಲ್ಟ್ ಚೆನ್ನಾಗಿ ಬಂದರೆ ಮ್ಯಾನೇಜ್‌ಮೆಂಟ್‌ನವರು ಕಾಯಂ ಮಾಡ್ತಾರೆ" ಎಂದು ಮೇಡಂ ಎಲ್ಲರ ಎದುರಿಗೇ ಹೇಳಿದ್ದರು. ಬೇಕಾದದ್ದು ಅಷ್ಟು ಹತ್ತಿರ ಬಂದಾಗ ಮನುಷ್ಯ ಏನೇನು ಮಾಡುವುದಿಲ್ಲ? ಬೀರುವಿನ ಮುಂದೆ ಅವರನ್ನು ಕಂಡ ಬೆಳಿಗ್ಗೆ ನನಗೆ ಹೊಳೆದದ್ದು ಅದೇ.

ಆ ವಾರವೇ ಇನ್ನೊಂದು ನಡೆಯಿತು. ಮಂಗಳವಾರದಿಂದ ನಾಲ್ಕು ದಿನ ಮುರಳಿ ಮೇಷ್ಟ್ರು ತರಬೇತಿ ಎಂದು ಹೋದರು. ಪರೀಕ್ಷೆ ಹತ್ತಿರ ಇರುವಾಗ ಎಂಥಾ ತರಬೇತಿ? ಅನುಮಾನಕ್ಕೆ ಇನ್ನೊಂದು ಎಳೆ ಸೇರಿತು. ಬೆಳಗಿನ ತರಗತಿಗೆ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಳ್ಳಿ ಎಂದು ಮೇಡಂ ನನ್ನನ್ನು ಕೂರಿಸಿದರು.

ಮಕ್ಕಳ ಕೈಯಲ್ಲಿ ಪಾಸಿಂಗ್ ಪ್ಯಾಕೇಜ್ ಇತ್ತು. ಹಿಂದುಳಿದವರು ಪಾಸಾಗಲು ಇಷ್ಟು ಓದಿದರೆ ಸಾಕು ಎಂದು ಕೊಡುವ ಜೆರಾಕ್ಸ್ ಹಾಳೆಗಳು. ಅದರಲ್ಲಿ ಹೃದಯದ ಚಿತ್ರ ಬರೀ ಕಪ್ಪು ಮಸಿ.

"ಆದಮ್ಮ, ಇದ್ರಲ್ಲಿ ಯಾವ್ದು ಕೆಂಪು ಯಾವ್ದು ನೀಲಿ, ಒಂದೂ ಗೊತ್ತಾಗ್ತಿಲ್ಲ," ಎಂದಳು ಹೇಮಶ್ರೀ. ಕೆ.ಆರ್. ಪುರದಿಂದ ದಿನಾ ನನ್ನ ಜೊತೆಗೇ ಮೆಟ್ರೋದಲ್ಲಿ ಬರುವ ಹುಡುಗಿ. ಬಾಯಿ ಜೋರು, ಕೈ ಬರಹ ಮುತ್ತು.

"ನನ್ನ ಕೇಳ್ಬೇಡ ತಾಯಿ. ನಾನು ಹೇಳ್ಬಾರ್ದು."

"ನೀವೇನ್ ಹೇಳ್ಬೇಡಿ. ಆ ಹೃದಯ ಕೆಳಗಿಳಿಸಿ ಕೊಡಿ ಸಾಕು."

"ಪಾಟಿ, ಪ್ಲೀಸ್ ಪಾಟಿ," ಎಂದವು ಇನ್ನೆರಡು.

ಗಾಜಿನ ಬೀರುವಿನ ಮೇಲೆ ಒಂದು ಬಿಚ್ಚಿ ಜೋಡಿಸುವ ಮಾದರಿ ಹೃದಯವಿದೆ. ಮಡಕೆಯಷ್ಟು ಗಾತ್ರ, ಐದು ತುಂಡು. ಕೆಳಗಿಳಿಸಿ ಮೇಜಿನ ಮೇಲಿಟ್ಟೆ. ಇಟ್ಟ ಮೇಲೆ ಸುಮ್ಮನಿರಲು ಬಾಯಿ ಕೇಳಬೇಕಲ್ಲ?

"ನೋಡ್ರೇ," ಎಂದೆ. "ಮಗಳು ತವರಿಂದ ಹೊರಡೋವಾಗ ಏನ್ ಮಾಡ್ತಾರೆ? ಮಡಿಲು ತುಂಬಿ ಕಳಿಸ್ತಾರೆ. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ. ಹೃದಯ ಅನ್ನೋದು ತವರುಮನೆ. ಹೊರಡೋ ನಾಳಕ್ಕೆ ಅಪಧಮನಿ ಅಂತಾರೆ, ಮಡಿಲು ತುಂಬಿರುತ್ತೆ, ಅದಕ್ಕೇ ಕೆಂಪು. ಎಲ್ಲಾ ಕಡೆ ಹಂಚಿ ಬರಿ ಮಡಿಲಲ್ಲಿ ವಾಪಸು ಬರೋದು ಅಭಿಧಮನಿ. ಅದು ನೀಲಿ. ಹೊರಡುವುದೆಲ್ಲ ತುಂಬಿದ ರಕ್ತ, ಮರಳುವುದೆಲ್ಲ ಬರಿದಾದ ರಕ್ತ. ಇಷ್ಟು ಗ್ಯಾಪಕ ಇಟ್ಕೊಳ್ಳಿ, ಸಾಕು."

"ಸೂಪರ್ ಆದಮ್ಮ! ಸಾರ್ ಒಂದು ವಾರ ಹೇಳಿದ್ದು ನೀವು ಒಂದ್ ನಿಮಿಷಕ್ಕೆ ಹೇಳ್ಬಿಟ್ರಿ!"

ಎಷ್ಟು ವರ್ಷದ ಮೇಲೆ ಅಂಥ ಮಾತು ಕೇಳಿದೆನೋ. ನಾಲ್ಕು ದಿನವೂ ಮಕ್ಕಳು ಹೃದಯವನ್ನು ನೋಡಿಕೊಂಡು ಜೆರಾಕ್ಸ್ ಹಾಳೆಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ಹಾಕಿದರು. ಮೇಡಂಗೆ ಹೇಳಬಾರದು ಎಂದು ಅವರವರೇ ಆಣೆ ಮಾಡಿಕೊಂಡರು.

ವಿಜ್ಞಾನದ ಪರೀಕ್ಷೆ ಮುಂದಿನ ವಾರದ ಶುಕ್ರವಾರ ನಡೆಯಿತು. ನಾನು ಹಾಲಿನಲ್ಲಿ ನೀರು ಕೊಡುತ್ತಿದ್ದೆ. ಪಾಠ ಹೇಳುವ ಮೇಷ್ಟ್ರು ಅವರ ವಿಷಯದ ಪರೀಕ್ಷೆಯ ದಿನ ಹಾಲಿಗೆ ಬರುವ ಪದ್ಧತಿಯಿಲ್ಲ. ಮುರಳಿ ಮೇಷ್ಟ್ರು ಎರಡು ಸಲ ಬಂದರು. ಒಂದು ಸಲ ಹೇಮಶ್ರೀಯ ಬೆಂಚಿನ ಹತ್ತಿರ ಬಗ್ಗಿ ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟು ಏನೋ ಹೇಳಿದರು. ಹೃದಯದ ಪ್ರಶ್ನೆ ಬಂದಿತ್ತು ಎಂದು ಆಮೇಲೆ ಮಕ್ಕಳು ಕುಣಿದಾಡಿದರು. "ಸಾರ್ ಹೇಳಿದ್ರು, ಹಾರ್ಟ್ ಬಂದೇ ಬರುತ್ತೆ ಅಂತ!" ಎಂದು ಒಬ್ಬಳು ಕೂಗಿದ್ದು ನನ್ನ ಕಿವಿಗೆ ಬಿತ್ತು. ಬೀರು, ಮೊಬೈಲು, ಬೆಂಚು. ಮೂರನ್ನೂ ಮನಸ್ಸಿನಲ್ಲೇ ಗಂಟು ಹಾಕಿಟ್ಟೆ.

ಪ್ರಿಪರೇಟರಿಯ ಉತ್ತರಪತ್ರಿಕೆಗಳನ್ನು ನಮ್ಮವರು ತಿದ್ದುವುದಿಲ್ಲ, ಇನ್ನೊಂದು ಶಾಲೆಗೆ ಕೊಟ್ಟು ಅವರದನ್ನು ನಾವು ತರುತ್ತೇವೆ. ನಮ್ಮವು ಇಂದಿರಾನಗರದ ಕಡೆಯ ಒಂದು ಶಾಲೆಗೆ ಹೋಗಿದ್ದವು. ಒಂದು ವಾರದ ಮೇಲೆ ಕಟ್ಟು ವಾಪಸು ಬಂತು. ಜೊತೆಗೆ ಒಂದು ಕಾಗದ.

ಶನಿವಾರ ಬೆಳಿಗ್ಗೆ ಮೇಡಂ ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು. ಮುಖ ಕಪ್ಪಿಟ್ಟಿತ್ತು.

"ಮೂವತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತಮೂರು ಜನ ಒಂದು ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದಾರಂತೆ. ಅಕ್ಷರಾನೂ ಹೆಚ್ಚುಕಮ್ಮಿ ಇಲ್ಲ. ಸಾಮೂಹಿಕ ನಕಲು ಅಂತ ಬರೆದು ಕಳಿಸಿದ್ದಾರೆ. ಇಲಾಖೆಗೆ ಹೋದರೆ ನಮ್ಮ ಪರೀಕ್ಷಾ ಕೇಂದ್ರಾನೇ ತೆಗೀತಾರೆ." ಅವರು ದನಿ ತಗ್ಗಿಸಿದರು. "ಮುರಳಿಯವರು ಹಾಲಿಗೆ ಬಂದಿದ್ದರಂತೆ. ನೀವು ಅಲ್ಲೇ ಇದ್ದಿರಲ್ಲ? ಏನಾದರೂ ನೋಡಿದ್ರಾ?"

"ಎರಡು ಸಲ ಬಂದ್ರು ಮೇಡಂ."

"ಅದು ಗೊತ್ತು. ಯಾವುದೋ ಚಿತ್ರದ ಕೆಳಗೆ ಅಚ್ಚು ತಪ್ಪಾಗಿತ್ತು, ಹೇಳೋಕೆ ಹೋಗಿದ್ದೆ ಅಂತಾರೆ. ಬೇರೆ?"

ನಾನು ಬೀರುವಿನ ವಿಷಯ ಹೇಳಿದೆ. ಮುಂಜಾನೆ, ಒಬ್ಬರೇ, ಮೊಬೈಲು.

"ಬೀರು ತೆಗೆದಿತ್ತಾ?"

ಕಂಡಿಲ್ಲ ಎನ್ನಬೇಕಿತ್ತು. ನನ್ನ ಬಾಯಲ್ಲಿ ಬಂದದ್ದು, "ತೆಗೆದಿತ್ತೇನೋ ಮೇಡಂ," ಎಂದು.

ಮೇಡಂ ಪೆನ್ನು ಎತ್ತಿಕೊಂಡರು. 'ಏನೋ' ಎಂಬುದು ಕಾಗದದ ಮೇಲೆ ಬರಲಿಲ್ಲ.

ಸೋಮವಾರ ಮುರಳಿ ಮೇಷ್ಟ್ರ ಕೈಗೆ ನೋಟೀಸು ಬಂತು. ಮೂರು ದಿನದಲ್ಲಿ ಲಿಖಿತ ಉತ್ತರ ಕೊಡಬೇಕು, ಅಲ್ಲಿಯವರೆಗೆ ತರಗತಿಗೆ ಹೋಗಕೂಡದು, ಕಾಯಂ ಮಾಡುವ ವಿಚಾರ ಕೈಬಿಡಲಾಗಿದೆ. ಅವರು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದರು. ಟೀ ಇಟ್ಟೆ. ಕುಡಿಯಲಿಲ್ಲ.

ಹತ್ತನೇ ಕ್ಲಾಸಿನವರನ್ನು ಒಬ್ಬೊಬ್ಬರಾಗಿ ಕರೆದು ವಿಚಾರಿಸಿದರು. ಯಾರು ಹೇಳಿಕೊಟ್ಟರು? ಚೀಟಿ ಇತ್ತಾ? ಸಾರ್ ಹೇಳಿದರಾ? ಇಪ್ಪತ್ತಮೂರೂ ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಡಂ ಹಣೆ ಒತ್ತಿಕೊಂಡು, "ನೋಡಿ, ಯಾರನ್ನೋ ಕಾಪಾಡ್ತಿದ್ದಾರೆ. ಇನ್ನೇನು ಬೇಕು ಸಾಕ್ಷಿ?" ಎಂದರು. ನನಗೂ ಹಾಗೇ ಅನ್ನಿಸಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಫೀಸಿನ ಗುಮಾಸ್ತ ಅಕ್ತರ್ ಸಾಹೇಬರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಅರೆ ಅಮ್ಮಾ, ಏನ್ ಕಾಲ ಬಂತು. ಪಾಪ, ಆ ಹುಡುಗ ಬೀರು ತೆಗೆದ ಅಂತೆ. ಎಲ್ಲಿಂದ ತೆಗೀತಾನೆ? ಕೀ ನನ್ ಸೊಂಟದಲ್ಲಿ ಇರ್ತದೆ, ಮಲಗೋವಾಗ್ಲೂ ಬಿಚ್ಚಲ್ಲ ನಾನು."

"ಮತ್ತೆ ಅವತ್ತು ಅಲ್ಲಿ ನಿಂತಿದ್ದು?"

"ಯಾವತ್ತು? ಸಂಕ್ರಾಂತಿ ಆದ್ಮೇಲೆ ಸೋಮವಾರನಾ? ಚಾರ್ಜ್ ಹಾಕೋಕೆ ನಾನೇ ಒಳಗೆ ಬಿಟ್ಟೆ. ಮನೇಲಿ ಹೆಂಡ್ತಿಗೆ ಹೊಟ್ಟೆ ನೋವು, ಫೋನ್ ಬರ್ಬಹುದು ಅಂದ. ಬೀರು ಪಕ್ಕದ ಆ ದರಿದ್ರ ಸಾಕೆಟ್ ಗೊತ್ತಲ್ಲ ನಿಮ್ಗೆ, ಪಿನ್ ಕೈಯಲ್ಲಿ ಹಿಡ್ಕೊಂಡೇ ಇರ್ಬೇಕು. ಬಿಟ್ರೆ ಹೋಯ್ತು." ಅವರು ನನ್ನ ಮುಖ ನೋಡಿದರು. "ಯಾಕಮ್ಮಾ? ಅಂಗೆ ನೋಡ್ತಿದ್ದೀರಿ?"

ಬೆಂಚು ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಆದರೂ ಹುಳ ಪೂರ್ತಿ ಹೋಗಲಿಲ್ಲ. ಬೀರು ಬಿಡು, ಇಪ್ಪತ್ತಮೂರು ಜನ ಒಂದೇ ಉತ್ತರ ಬರೆದದ್ದು ಹೇಗೆ? ಯಾರೋ ಹೇಳಿಯೇ ಇರಬೇಕಲ್ಲ?

ಸಂಜೆ ಶಾಲೆ ಬಿಟ್ಟ ಮೇಲೆ ಹೇಮಶ್ರೀ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ಆದಮ್ಮ, ನಾವ್ಯಾರೂ ನಿಮ್ಮ ಹೆಸರು ಹೇಳಿಲ್ಲ."

"ನನ್ನ ಹೆಸರಾ? ನನ್ನ ಹೆಸರು ಯಾಕಮ್ಮ?"

ವಿಚಾರಣೆಯಲ್ಲಿ ಕೈಗೆ ಕೊಟ್ಟಿದ್ದ ತನ್ನ ಉತ್ತರಪತ್ರಿಕೆಯನ್ನು ಅವಳು ಬಿಚ್ಚಿ ಹಿಡಿದಳು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಎಂಥ ರಕ್ತವಿರುತ್ತದೆ, ಏಕೆ ಎಂದು ಪ್ರಶ್ನೆ. ಅದರ ಕೆಳಗಿದ್ದದ್ದನ್ನು ಓದಿದಳು. "ಶುದ್ಧ ರಕ್ತವಿರುತ್ತದೆ. ಏಕೆಂದರೆ ಹೃದಯದಿಂದ ಹೊರಡುವುದೆಲ್ಲ ತುಂಬಿದ ರಕ್ತ, ಮರಳುವುದೆಲ್ಲ ಬರಿದಾದ ರಕ್ತ."

ನನ್ನ ಮಾತು. ನನ್ನದೇ ಮಾತು, ಕೆಂಪು ಮಸಿಯಲ್ಲಿ ಅಡ್ಡ ಗೀಟು ಹಾಕಿಸಿಕೊಂಡು ಕೂತಿತ್ತು.

"ತಪ್ಪಂತೆ ಆದಮ್ಮ."

"ಹೆಂಗೆ ತಪ್ಪಾಗುತ್ತೆ? ಹೃದಯ ನೋಡು, ಅಲ್ಲೇ ಇದೆಯಲ್ಲ!" ಎಂದು ಮೇಲಿಂದ ಇಳಿಸಿದೆ. ಶ್ವಾಸಕೋಶಕ್ಕೆ ಹೋಗುವ ಅಪಧಮನಿ ಕೆಂಪಗಿತ್ತು. ಅಲ್ಲಿಂದ ಬರುವ ಅಭಿಧಮನಿ ನೀಲಿ ಇತ್ತು. ಬೆರಳಿಟ್ಟು ತೋರಿಸಿದೆ.

ಹೇಮಶ್ರೀ ಕಿಟಕಿಯ ದಾರ ಬಿಚ್ಚಿ ಆ ಉದ್ದನೆಯ ನೋಟ್‌ಬುಕ್ ತಂದಳು. ಹಾಳೆ ತಿರುವಿ ಆಗಸ್ಟ್ ತಿಂಗಳದ್ದನ್ನು ಹುಡುಕಿದಳು. ಇದೇ ಪ್ರಶ್ನೆಯನ್ನು ಯಾರೋ ಅವತ್ತೇ ಕೇಳಿದ್ದರು. ಕೆಳಗೆ ಮುರಳಿ ಮೇಷ್ಟ್ರ ಅಕ್ಷರ. ನಾನು ಒಂದೊಂದಾಗಿ ಕೂಡಿಸಿಕೊಂಡು ಓದಿದೆ. ದೇಹದ ಬೇರೆಲ್ಲ ಅಪಧಮನಿಗಳಲ್ಲಿ ಆಮ್ಲಜನಕ ತುಂಬಿದ ರಕ್ತ. ಶ್ವಾಸಕೋಶಕ್ಕೆ ಹೋಗುವುದರಲ್ಲಿ ಮಾತ್ರ ಇಲ್ಲ, ಅಲ್ಲಿಗೆ ಹೋಗುವುದೇ ಆಮ್ಲಜನಕ ತರಲು. ಅಭಿಧಮನಿಗಳಲ್ಲೂ ಆ ಒಂದು ಜೋಡಿ ತಿರುಗುಮುರುಗು.

ತಿರುಗುಮುರುಗು. ಆ ಒಂದು ಪದ ಓದಿದ್ದೇ ಲಕ್ಷ್ಮಿಕಾಂತ ಮೇಷ್ಟ್ರ ದನಿ ಕೇಳಿಸಿತು. "ಎಲ್ಲಾ ನಿಯಮಕ್ಕೂ ಒಂದು ಹೊರತು ಇರುತ್ತೆ, ನೆನಪಿಟ್ಕೊಳ್ಳಿ." ಇಪ್ಪತ್ತು ವರ್ಷ, ಪ್ರತಿ ವರ್ಷ, ಹೃದಯವನ್ನು ಕೈಯಲ್ಲಿ ಹಿಡಿದು ಹೇಳುತ್ತಿದ್ದರು. ನಾನು ಹಿಂದೆಯೇ ನಿಂತಿದ್ದೆ.

ಕೊರೋನಾ ಬಂದ ವರ್ಷ ಶಾಲೆ ಮುಚ್ಚಿತ್ತು. ಧೂಳು ಹೊಡೆಯಲು ವಾರಕ್ಕೊಮ್ಮೆ ಬರುತ್ತಿದ್ದೆ. ಹೃದಯದ ಬಣ್ಣ ಪೂರಾ ಎದ್ದುಹೋಗಿತ್ತು. ಶಿವಾಜಿನಗರದಿಂದ ಒಂದು ಪುಟ್ಟ ಡಬ್ಬಿ ಕೆಂಪು, ಒಂದು ಪುಟ್ಟ ಡಬ್ಬಿ ನೀಲಿ ತಂದೆ. ಯಾರನ್ನು ಕೇಳುವುದು? ಲಕ್ಷ್ಮಿಕಾಂತ ಮೇಷ್ಟ್ರು ಆ ಹೊತ್ತಿಗೆ ಇರಲಿಲ್ಲ. ನನಗೆಲ್ಲ ಗೊತ್ತು ಎಂಬ ಧೈರ್ಯದ ಮೇಲೆ ಅಪಧಮನಿಗೆಲ್ಲ ಕೆಂಪು, ಅಭಿಧಮನಿಗೆಲ್ಲ ನೀಲಿ ಬಳಿದೆ. ಆಮೇಲೆ ಗಣಿತದ ಟೀಚರೇ ವಿಜ್ಞಾನವನ್ನೂ ನೋಡಿಕೊಂಡರು, ಅವರು ಬೋರ್ಡಿನಲ್ಲಿ ಪಾಠ ಮುಗಿಸುತ್ತಿದ್ದರು. ಮುರಳಿ ಮೇಷ್ಟ್ರು ಗೋಡೆಯ ಮೇಲೆ ಸಿನಿಮಾದ ಹಾಗೆ ಬೆಳಕು ಬಿಟ್ಟು ಚಿತ್ರ ತೋರಿಸುತ್ತಿದ್ದರು. ಆ ಹೃದಯವನ್ನು ಮೇಲಿಂದ ಇಳಿಸಿದವರೇ ಇರಲಿಲ್ಲ, ನಾನು ಇಳಿಸುವವರೆಗೆ.

"ಇದನ್ನ ನೋಡಿದೀರಾ ಆದಮ್ಮ?" ಎಂದು ಹೇಮಶ್ರೀ ನೋಟ್‌ಬುಕ್ಕಿನ ಇನ್ನೊಂದು ಹಾಳೆ ತೋರಿಸಿದಳು. ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಯಾವುದೋ ಹುಡುಗಿಯ ಪ್ರಶ್ನೆ. ಕೆಳಗೆ ಅವರದೇ ಅಕ್ಷರ: 'ಕಾರಣವನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ. ನೋವಿನ ಬಗ್ಗೆ ನನಗಿಂತ ಆದಮ್ಮನವರಿಗೆ ಚೆನ್ನಾಗಿ ಗೊತ್ತು, ಅವರನ್ನು ಕೇಳಿ.'

ತಾರೀಖು ಅಕ್ಟೋಬರ್. ನನಗೆ ಬಾಯಿ ಕಟ್ಟಿದ ಮರುತಿಂಗಳು.

ಅವತ್ತು ಮೆಟ್ರೋದಲ್ಲಿ ಹುಡುಗಿ ನನ್ನ ಪಕ್ಕ ಕೂತು ಒಂದೇ ಮಾತು ಕೇಳಿದಳು. "ನೀವು ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಾರಾ?"

"ಗೊತ್ತಿಲ್ಲ ಕಣಮ್ಮ."

"ಹೇಳ್ದಿದ್ರೆ ಸಾರ್‌ನ ತೆಗೀತಾರೆ."

"ಅದು ಗೊತ್ತು."

ಮಂಗಳವಾರ ಬೆಳಿಗ್ಗೆ ಹೃದಯವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಡಂ ಕೋಣೆಗೆ ಹೋದೆ. ಮೇಜಿನ ಮೇಲಿಟ್ಟು ಮೊದಲಿಂದ ಹೇಳಿದೆ. ಬಣ್ಣ, ನಾಲ್ಕು ದಿನದ ಪಾಠ, ಮಡಿಲು, ಮಕ್ಕಳ ಆಣೆ. ಸಾಕೆಟ್ಟಿನ ವಿಷಯ. ಕೊನೆಗೆ, "ಬೀರು ತೆಗೆದಿದ್ದನ್ನ ನಾನು ನೋಡ್ಲಿಲ್ಲ ಮೇಡಂ. ನೋಡಿದೆ ಅನ್ನೋ ಥರ ಹೇಳ್ಬಿಟ್ಟೆ," ಎಂದೆ.

ಮೇಡಂ ಬಹಳ ಹೊತ್ತು ಆ ಕೆಂಪು ನಾಳವನ್ನೇ ನೋಡಿದರು. ಆಮೇಲೆ ನಕ್ಕರು, ನಗು ಅರ್ಧಕ್ಕೇ ನಿಂತಿತು.

"ಇದನ್ನ ಏನಂತ ಬರೀಲಿ ಆ ಶಾಲೆಗೆ? ನಮ್ಮ ಅಟೆಂಡರ್ ಬಳಿದ ಬಣ್ಣ ನೋಡಿ ಮಕ್ಕಳು ಬರೆದರು ಅಂತ ಬರೀಲಾ?"

"ಬರೀರಿ ಮೇಡಂ. ನನ್ನ ಹೆಸರು ಹಾಕಿ."

"ಸೆಪ್ಟೆಂಬರ್‌ನಲ್ಲೇ ಹೇಳಿದ್ದೆ, ಪಾಠ ಹೇಳ್ಬೇಡಿ ಅಂತ."

"ಹೇಳಿದ್ರಿ." ಆಮೇಲೆ ತಡೆಯದೆ ಕೇಳಿಯೇಬಿಟ್ಟೆ. "ಆವಾಗ ನನ್ನ ಮೇಲೆ ಹೇಳಿದ್ದು ಮುರಳಿ ಮೇಷ್ಟ್ರೇ ಅಲ್ವಾ?"

"ಮುರಳಿನಾ?" ಮೇಡಂಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇಲ್ಲಪ್ಪ. ಯಾವುದೋ ಹುಡುಗಿಯ ತಂದೆ ಬಂದು ಕೂಗಾಡಿದ್ದರು, ಮುಟ್ಟು-ಗಿಟ್ಟು ಅಂತ ನಮ್ಮ ಮಗಳಿಗೆ ಏನೇನೋ ಹೇಳ್ತಾರೆ ಅಂತ. ಮುರಳಿ ನಿಮ್ಮ ಪರವಾಗಿ ಮಾತಾಡೋಕೆ ಬಂದಿದ್ದರು. ನಾನೇ ಸುಮ್ಮನಿರಿ ಅಂದೆ."

ಬುಧವಾರ ಮುರಳಿ ಮೇಷ್ಟ್ರನ್ನು ಕರೆಸಿದರು. ನಾನೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ನೋಟೀಸು ವಾಪಸು ತೆಗೆದುಕೊಂಡಿದ್ದೇವೆ, ಇಂದಿರಾನಗರದವರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇವೆ, ಅವರೂ ಒಪ್ಪಿದ್ದಾರೆ, ಕಾಯಂ ಮಾಡುವ ಮಾತು ಹಾಗೇ ಇದೆ ಎಂದು ಮೇಡಂ ಹೇಳಿದರು. ಆದರೆ ಇದು ಈ ಕೋಣೆಯಿಂದ ಹೊರಗೆ ಹೋಗುವುದು ಬೇಡ ಎಂದೂ ಸೇರಿಸಿದರು.

"ಹೊರಗೆ ಹೋಗಿದೆಯಲ್ಲ ಮೇಡಂ," ಎಂದರು ಮುರಳಿ ಮೇಷ್ಟ್ರು. ದನಿ ಏರಲಿಲ್ಲ. "ನಾನು ಪೇಪರ್ ಕದ್ದೆ ಅನ್ನೋದು ಸೋಮವಾರಾನೇ ಹೊರಗೆ ಹೋಯ್ತು. ನನ್ನ ಹೆಂಡತಿಗೆ ಬೇರೆ ಶಾಲೆಯವರು ಫೋನ್ ಮಾಡಿ ಹೇಳಿದ್ರು. ನಾನು ಕದ್ದಿಲ್ಲ ಅನ್ನೋದು ಮಾತ್ರ ಇಲ್ಲೇ ಇರ್ಬೇಕಾ?"

ಮೇಡಂ ಪೇಪರ್‌ವೇಟನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು.

ಮುರಳಿ ಮೇಷ್ಟ್ರು ನನ್ನ ಕಡೆ ತಿರುಗಿದರು. "ಆದಮ್ಮ, ಅವತ್ತು ಕಿಟಕಿಯಿಂದ ಏನ್ ಮೇಷ್ಟ್ರೆ ಅಂತ ಕೇಳಿದ್ರಲ್ಲ. ಇನ್ನೊಂದು ಸಲ ಕೇಳಿದ್ದಿದ್ರೆ ಹೇಳ್ತಿದ್ದೆ ನಾನು. ಮನೇಲಿ ಹುಷಾರಿಲ್ಲ, ಫೋನ್ ಸತ್ತಿದೆ ಅಂತ. ನಾಚ್ಕೆ ಆಯ್ತು, ಏನಿಲ್ಲ ಅಂದೆ."

"ತಪ್ಪಾಯ್ತು ಮೇಷ್ಟ್ರೆ."

"ಬಣ್ಣದ್ದು ತಪ್ಪಲ್ಲ ಬಿಡಿ. ಅದು ಯಾರಿಗಾದ್ರೂ ಆಗುತ್ತೆ." ಇನ್ನೊಂದರ ಬಗ್ಗೆ ಅವರು ಏನೂ ಅನ್ನಲಿಲ್ಲ.

ಅಲ್ಲಿಂದ ಎದ್ದು ನೇರ ಹತ್ತನೇ ಕ್ಲಾಸಿಗೆ ಹೋದರು. ನಾನು ಹೃದಯವನ್ನು ಎತ್ತಿಕೊಂಡು ಹಿಂದೆ ಹೋದೆ, ಬಾಗಿಲಲ್ಲೇ ನಿಂತೆ.

"ಆದಮ್ಮ ಹೇಳಿದ ಮಡಿಲಿನ ಕಥೆ ಯಾರಿಗೆ ನೆನಪಿದೆ?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. "ಎತ್ರೋ, ಹೊಡೆಯಲ್ಲ. ಒಳ್ಳೆ ಕಥೆ ಅದು. ಒಂದೇ ಒಂದು ಮನೆ ಅದಲುಬದಲಾಗಿದೆ. ಮಡಿಲು ತುಂಬೋದು ಹೃದಯ ಅಲ್ಲ, ಶ್ವಾಸಕೋಶ. ತವರುಮನೆ ಅದು. ಹೃದಯ ಬರೀ ಬಸ್ ಸ್ಟ್ಯಾಂಡು. ತವರಿಗೆ ಹೋಗೋರೂ ಅಲ್ಲೇ ಬಸ್ ಹತ್ತಬೇಕು, ತವರಿಂದ ಬಂದೋರೂ ಅಲ್ಲೇ ಇಳಿದು ಬೇರೆ ಬಸ್ ಹಿಡೀಬೇಕು. ಈಗ ಹೇಳಿ, ತವರಿಗೆ ಹೋಗೋ ಬಸ್‌ನಲ್ಲಿ ಇರೋರ ಮಡಿಲು ಹೆಂಗಿರುತ್ತೆ?"

"ಖಾಲಿ ಸಾರ್!"

"ಬಣ್ಣ?"

"ನೀಲಿ!"

"ಅಷ್ಟೇ. ಮಾರ್ಚ್‌ನಲ್ಲಿ ಇದೇ ಬರೀರಿ. ಬಸ್ ಸ್ಟ್ಯಾಂಡು ಅಂತ ಮಾತ್ರ ಬರೀಬೇಡಿ, ಮತ್ತೆ ನನ್ನ ತಲೆಗೆ ಬರುತ್ತೆ."

ಮಕ್ಕಳು ನಕ್ಕವು. ಹೇಮಶ್ರೀ ನಗಲಿಲ್ಲ. "ಸಾರ್, ನಾಳೆ ಸ್ಪೆಷಲ್ ಕ್ಲಾಸ್ ಇದೆಯಾ?" ಎಂದಳು.

ಅವರು ಡಸ್ಟರ್ ಎತ್ತಿ ಬೋರ್ಡು ಒರೆಸಿದರು. "ನಾಳೆ ಇದೆ," ಎಂದರು.

ಸೋಮವಾರ ನೋಟೀಸು ಸಿಕ್ಕ ಸಂಜೆಯೇ ಮುರಳಿ ಮೇಷ್ಟ್ರು ಕಲ್ಯಾಣ ನಗರದ ಆ ಹಳೆಯ ಟ್ಯೂಷನ್ ಸೆಂಟರಿಗೆ ಬರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದರಂತೆ. ಅದನ್ನು ನನಗೆ ಹೇಳಿದವರು ಅಕ್ತರ್ ಸಾಹೇಬರು. ಮೇಡಂ ಎರಡು ಸಲ ಕರೆದು ಕೇಳಿಕೊಂಡರು, ಆಡಳಿತ ಮಂಡಳಿಯವರೊಬ್ಬರು ಫೋನ್ ಮಾಡಿದರು. ಅಲ್ಲಿ ಕಾಯಂ ಇಲ್ಲ, ಈ ತಿಂಗಳೋ ಮುಂದಿನ ತಿಂಗಳೋ ಏನಾಗುತ್ತದೋ ಗೊತ್ತಿಲ್ಲ, ಬಸುರಿ ಹೆಂಡತಿ ಮನೆಯಲ್ಲಿ. ಆದರೂ ಹ್ಞೂಂ ಅನ್ನಲಿಲ್ಲ. ಬೀರು ತೆಗೆದವನು ಎಂದು ಒಮ್ಮೆ ಅನ್ನಿಸಿಕೊಂಡ ಕೋಣೆಗೆ ದಿನಾ ಬಂದು ಸಹಿ ಹಾಕಲು ಆಗುವುದಿಲ್ಲ ಎಂದರಂತೆ. ನನ್ನನ್ನು ಯಾರೂ ತೆಗೆಯಲಿಲ್ಲ. ಯಾರೂ ಏನೂ ಅನ್ನಲೂ ಇಲ್ಲ.

ಬೆಳಗಿನ ತರಗತಿ ಮುಗಿಸಿ, ಮಕ್ಕಳಿಗೆ ಕೈ ಬೀಸಿ, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಮುರಳಿ ಮೇಷ್ಟ್ರು ಗೇಟು ದಾಟಿದರು. ಅದು ಗುರುವಾರ, ಶಿವರಾತ್ರಿಗೆ ಮೂರು ದಿನ ಮುಂಚೆ.